ಓಣಿ ಬಾಯಲ್ಲಿ ನಿಂತ ಮಾತು

ಸಂಜೆ ದೀಪ ಹಚ್ಚೂ ಹೊತ್ತಿಗೆ ನಮ್ಮ ಓಣಿ ಬಾಯಲ್ಲಿ ಹಾರ್ನ್ ಆಗ್ತಿತ್ತು. ಎರಡು ಸಣ್ಣದು, ಒಂದು ಉದ್ದದ್ದು. ನನ್ನ ಮಗ ಮೋಹನ ಕುಮಟೆಗೆ ಮೀನು ಕೊಟ್ಟು ವ್ಯಾನ್ ತಗಂಡು ವಾಪಸ್ ಬರೂವಾಗ ಹಂಗೇ ಮಾಡೂದು. 'ಅವ್ವಿ, ಚಾ ಇಡು' ಅಂತ ಅದ್ರ ಅರ್ಥ. ಹಾರ್ನ್ ಕೇಳಿದ್ದೇ ನಾ ಎದ್ದು ಪಾತ್ರೆಗೆ ನೀರು ಹಾಕ್ತಿದ್ದೆ. ಒಲೆ ಹಚ್ಚಿದ ಮೇಲೆ ನೆನಪಾಗ್ತಿತ್ತು, ಮೋಹನ ಸತ್ತು ವರ್ಷ ಏಳಾತು ಅಂತ. ನೀರು ಸುಮ್ಮನೆ ಕುದೀತಿತ್ತು.

ನಮ್ಮ ಮಾಸ್ತಿಯಮ್ಮನ್ನ ನಂಬಿದ ವಾಟ್ಸಾಪ್ ಗ್ರೂಪಿನ ಎಲ್ಲರಿಗೂ ಕಾಸರಕೋಡಿನ ಸೀತಜ್ಜಿ ನಮಸ್ಕಾರ ಮಾಡ್ತಳೆ. ಎರಡೂ ಕೈ ಮುಗಿದ್ರೆ ಫೋನು ಕೆಳಗೆ ಬೀಳ್ತದೆ, ಅದ್ಕೆ ಒಂದು ಬೆರಳಿನ ನಮಸ್ಕಾರ ತಗಳಿ. ನಾ ಟೈಪು ಮಾಡೂಕೆ ಕಲ್ತದ್ದು ಈ ವರ್ಷ. ಯಾಕೆ ಕಲ್ತೆ ಅಂಬೂದು ಮುಂದೆ ಬರ್ತದೆ. ನೀವೆಲ್ಲ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಫೋಟೊ ಹಾಕ್ತ್ರಿ, ನಾ ಇವತ್ತು ನಮ್ಮ ಮನೆ ಸಂಗತಿ ಹಾಕ್ತೆ. ಉದ್ದ ಉಂಟು. ಓದದೇ ಹೆಬ್ಬೆರಳು ಒತ್ತೂವವ್ರು ಒತ್ತಿ, ಅಮ್ಮ ಮೇಲಿಂದ ನೋಡ್ತಳೆ.

ನಮ್ಮ ಓಣಿ ನೋಡದವ್ರಿಗೆ ಒಂದು ಮಾತು. ಒಳಗೆ ಬಂದ ಗಾಡಿ ತಿರುಗ್ಸೂಕೆ ಅಲ್ಲಿ ಜಾಗ ಇಲ್ಲ. ಹಿಂದೆ ಹಿಂದೆ ಹೋಗಿ ಹೈವೇಗೆ ಹತ್ತಬೇಕು. ಎರಡೂ ಬದಿ ಗಾಳಿಮರ ದಟ್ಟ ಬೆಳೆದದೆ. ಭಟ್ಕಳ ಬದಿಯಿಂದ ಬರೂ ಗಾಡಿ ಮೂಗಿನ ಹತ್ರ ಬರೂ ತನಕ ಕಾಣೂದಿಲ್ಲ. ಅದ್ಕೆ ಗಾಡಿ ಹೊರಡೂವಾಗ ಮನೆಯವ್ರು ಒಬ್ರು ರಸ್ತೆ ಅಂಚಿಗೆ ಹೋಗಿ ನಿಂತು 'ಬರ್ಲಿ, ಬರ್ಲಿ' ಅನ್ನೂದು. ಏನಾದ್ರೂ ಬಂತೋ, 'ಹೋಲ್ಡ್' ಅಂತ ಕೂಗೂದು. ನಮ್ಮ ಕೇರಿ ಸಣ್ಣ ಮಕ್ಕಳಿಗೂ ಗೊತ್ತಿದ್ದ ಕೆಲಸ ಅದು.

ಏಳು ವರ್ಷದ ಹಿಂದೆ, ಮಳೆಗಾಲದ ಬಂದ್ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ಹೊಸತು. ಬೆಳಿಗ್ಗೆ ಮೋಹನ ಮೀನು ತುಂಬ್ಕಂಡು ಹಿಂದೆ ಹೋಗೂವಾಗ ಲಾರಿ ಬಂತು. ವ್ಯಾನಿನ ಹಿಂದಿನ ಮೂಲೆಗೆ ಬಡೀತು. ವ್ಯಾನು ತಿರುಗಿ ಗಾಳಿಮರಕ್ಕೆ ಹೋಗಿ ತಾಗ್ತು. ವ್ಯಾನಿಗೆ ಹೆಚ್ಚೆಂತ ಆಗ್ಲಿಲ್ಲ, ಅವನ ತಲೆಗೆ ಏಟು ಬಿತ್ತು. ಹೊನ್ನಾವರದ ಆಸ್ಪತ್ರೆಯಲ್ಲಿ 'ಮುಂದೆ ದೊಡ್ಡ ಆಸ್ಪತ್ರೆಗೆ ತಗಂಡು ಹೋಗಿ' ಅಂದ್ರು. ಆಂಬುಲೆನ್ಸಲ್ಲಿ ಅವನ ಕಾಲ ಬುಡದಲ್ಲಿ ನಾ ಕೂತಿದ್ದೆ. ಶಿರಾಲಿ ದಾಟಿ ಭಟ್ಕಳ ಇನ್ನೇನು ಬಂತು ಅಂಬೂವಾಗ ಅವನ ಕಾಲು ತಣ್ಣಗಾತು. ಆಂಬುಲೆನ್ಸಿನ ಹುಡುಗ ಸೈರನ್ನು ನಿಲ್ಲಿಸ್ದ. ಆ ಸದ್ದು ನಿಂತದ್ದು ನಂಗೆ ಈಗ್ಲೂ ಕೇಳ್ತದೆ.

ಅವನ ಮಗಳು ಅಕ್ಷತಾ, ನಮ್ಮ ಅಕ್ಕು, ಆಗ ಶಾಲೆ ಹುಡುಗಿ. ಅವತ್ತು ಪಾಟೀಚೀಲ ಹೆಗಲಿಗೆ ಹಾಕ್ಕಂಡು ಗಾಳಿಮರದ ಬುಡದಲ್ಲಿ ನಿಂತಿದ್ಳು. ಶಾಲೆಗೆ ಹೊರಟವಳು ಕಣ್ಣಾರೆ ನೋಡಿ ಹೆದ್ರಿಕಂಡಳೆ ಅಂತ ನಾವು ತಿಳ್ಕಂಡ್ವಿ. ಯಾರೂ ಎಂತದೂ ಕೇಳ್ಲಿಲ್ಲ. ಕೇಳಿದ್ರೂ ಅವಳು ಹೇಳೂ ಹಂಗೆ ಇರ್ಲಿಲ್ಲ.

ಯಾಕಂದ್ರೆ ಅಕ್ಕುಗೆ ಮಾತು ಸಣ್ಣಿರೂವಾಗಿಂದ ಕಷ್ಟ. ಕಿವಿ ಸರಿ ಉಂಟು, ನಾಲಿಗೆ ಸರಿ ಉಂಟು. ಆದ್ರೆ ಅವಳಿಗೆ ಬೇಕಾದ ಮಾತು ಬೇಕಾದ ಹೊತ್ತಿಗೆ ಸಿಗೂದಿಲ್ಲ. 'ಅದು... ಅಜ್ಜಿ, ಅದು...' ಅಂತ ಗಾಳಿಯಲ್ಲಿ ಕೈ ಆಡಿಸ್ತಳೆ. ನಾವು ಎರಡು ಮಾತು ಒಟ್ಟಿಗೆ ಹೇಳಿದ್ರೆ ಒಂದು ಎಲ್ಲೋ ಬಿದ್ದು ಹೋಗ್ತದೆ. 'ಅಂಗಡಿಗೆ ಹೋಗಿ ಬೆಲ್ಲ ತಗಂಡು ಬರೂವಾಗ ಹೂವಿನವಳಿಗೆ ನಾಳೆ ಅಬ್ಬಲಿ ತರೂಕೆ ಹೇಳು' ಅಂದ್ರೆ ಅಂಗಡಿ ಎದ್ರು ಹೋಗಿ ನಿಂತ್ಕಂತಿದ್ಳು. ಶಾಲೆಯಲ್ಲಿ ದಡ್ಡಿ ಅಂದ್ರು. ಕೇರಿಯಲ್ಲಿ ಗರ ಬಡಿದದೆ ಅಂದ್ರು. ಅಪ್ಪ ಹೋದ ಮೇಲೆ ಇದ್ದ ನಾಲ್ಕು ಮಾತೂ ಎರಡಾತು.

ಮತ್ತೊಂದು ಶುರುವಾತು. ಸಂಜೆ ಆದ್ರೆ ಅಕ್ಕು ಓಣಿ ಬಾಯಿಗೆ ಹೋಗಿ ಅದೇ ಮರದ ಬುಡದಲ್ಲಿ ನಿಲ್ಲೂದು. ರಸ್ತೆಗೆ ಮುಖ. ಬಾಯಿ ತೆಗೀತಿದ್ಳು, ಮುಚ್ತಿದ್ಳು. ನಂಗೆ ಸದ್ದು ಕೇಳ್ತಿರ್ಲಿಲ್ಲ. ಲಾರಿ ಲೈಟು ಅವಳ ಮುಖದ ಮೇಲೆ ಬಿದ್ದು ಹೋಗೂದು, ಮತ್ತೆ ಕತ್ತಲೆ. ನಾ ಒಳಗಿಂದ ನೋಡ್ತಿದ್ದೆ. ಅತ್ತ ಹಾರ್ನ್ ಕೇಳ್ತಿತ್ತು, ಇತ್ತ ಹುಡ್ಗಿ ಯಾರ ಹತ್ರವೋ ಮಾತಾಡ್ತಿತ್ತು. ಮೋಹನ ಹೋಗ್ಲಿಲ್ಲ, ಓಣಿ ಬಾಯಲ್ಲೇ ಉಳ್ಕಂಡನೆ, ಮಗಳನ್ನ ಹಿಡ್ಕಂಡನೆ ಅಂತ ನಾ ತಿಳ್ಕಂಡೆ. ಸೊಸೆ ಯಶೋದೆಗೆ ಹೇಳ್ಲಿಲ್ಲ. ಅವಳಿಗೆ ಹಾರ್ನ್ ಕೇಳ್ತದೋ ಇಲ್ವೋ ಅಂತ ಕೇಳೂಕೂ ಧೈರ್ಯ ಬರ್ಲಿಲ್ಲ.

ಅಕ್ಕು ಪಿಯುಸಿಯಲ್ಲಿ ಫೇಲಾದ ಮೇಲೆ ಯಾರೋ ಹೇಳಿದ್ರು, ಭಟ್ಕಳದಲ್ಲಿ ಮಾತಿನ ಡಾಕ್ಟ್ರಮ್ಮ ಇದ್ದಾರೆ ಅಂತ. ಬಸ್ಸಿಗೆ ಕರ್ಕಂಡು ಹೋದೆ. ಶಿರಾಲಿ ಬಂದಾಗ ಕಣ್ಣು ಮುಚ್ಕಂಡೆ. ಕಂಡಕ್ಟರ್ 'ಅಜ್ಜಿ, ವಾಂತಿ ಬರ್ತದ್ಯಾ? ಕಿಟಕಿ ಬದಿ ಕೂತ್ಕಳಿ' ಅಂದ. ಬರೂದು ವಾಂತಿ ಅಲ್ಲ ಮಾರಾಯಾ ಅಂತ ಅವನಿಗೆ ಹ್ಯಾಂಗೆ ಹೇಳೂದು?

ಡಾಕ್ಟ್ರಮ್ಮ ನವಾಯತ ಮುಸ್ಲಿಮರ ಮನೆ ಹುಡುಗಿ, ಮನೆಯಲ್ಲಿ ಅವಳ ಭಾಷೆ ಬೇರೆ, ನಮ್ಮ ಹತ್ರ ಚೆಂದ ಕನ್ನಡ. ಅಕ್ಕು ಹತ್ರ ಎಷ್ಟೋ ಹೊತ್ತು ಚಿತ್ರ ತೋರ್ಸಿ, ಆಟ ಆಡ್ಸಿ, ಕಡೆಗೆ ನನ್ನ ಕರೆದ್ಳು.

'ಅಜ್ಜಿ, ಹುಡುಗಿ ಬುದ್ಧಿಗೆ ಎಂತದೂ ಆಗ್ಲಿಲ್ಲ. ಕೇಳಿದ ಮಾತು ಒಳಗೆ ಹೋಗಿ ಅರ್ಥ ಆಗೂಕೆ ಅವಳಿಗೆ ಹೊತ್ತು ಬೇಕು. ಒಳಗಿನ ಮಾತು ಬಾಯಿಗೆ ಬರೂಕೂ ಹೊತ್ತು ಬೇಕು. ಹುಟ್ಟಿಂದ ಕೆಲವು ಮಕ್ಕಳು ಹೀಗಿರ್ತಾರೆ, ದೊಡ್ಡವರಾದ್ರೂ ಇರ್ತದೆ. ಒಂದೊಂದೇ ಹೇಳಿ. ತೋರ್ಸಿ ಹೇಳಿ. ಅವಳು ಮಾತು ಹುಡುಕೂವಾಗ ನೀವು ಮಧ್ಯೆ ಬಾಯಿ ಹಾಕ್ಬೇಡಿ, ಕಾಯಿರಿ.'

'ಕಾಯ್ತೆ ಡಾಕ್ಟ್ರಮ್ಮ, ಅದ್ಕೆಂತ' ಅಂದೆ. ಡಾಕ್ಟ್ರಮ್ಮ ಅಕ್ಕುಗೆ 'ಮುಂದೆ ಎಂತ ಮಾಡ್ಬೇಕಂತ ಇದ್ದೆ?' ಅಂತ ಕೇಳಿದ್ಳು. ಅಕ್ಕು ಬಾಯಿ ತೆಗೆಯೂದರೊಳಗೆ ನಾನೇ ಹೇಳ್ದೆ, 'ಅವಳಿಗೆ ಟೇಲರಿಂಗ್ ಕಲಿಸ್ಬೇಕಂತ ಮಾಡಿದ್ವಿ' ಅಂತ. ಡಾಕ್ಟ್ರಮ್ಮ ನನ್ನ ಮುಖ ನೋಡಿ ನಕ್ಕಳು. ಅಕ್ಕು ಬಾಯಿ ಮುಚ್ಕಂಡಳು.

ಡಾಕ್ಟ್ರಮ್ಮ ಕೇಳಿದ್ದಕ್ಕೆ ಅಕ್ಕು ಉತ್ತರ ಎಂತದು ಅಂತ ಆ ಮೇಲೆ ಗೊತ್ತಾತು. ಮೋಹನನ ವ್ಯಾನನ್ನ ತಟ್ಟಿ ನೆಟ್ಟಗೆ ಮಾಡ್ಸಿ ಇಷ್ಟು ವರ್ಷ ಒಬ್ಬ ಡ್ರೈವರ್ ಇಟ್ಟು ಕುಮಟೆಗೆ ಮೀನು ಕಳಿಸ್ತಿದ್ವಿ. ಅವನು ಗೋವಾದ ಬೋಟಿಗೆ ಹೋದ. ವ್ಯಾನು ಅಂಗಳದಲ್ಲಿ ತಾಡಪತ್ರೆ ಹೊದ್ಕಂಡು ಕೂತು ಬಿಡ್ತು. ಯಶೋದೆ 'ಮಾರಿ ಬಿಡ್ವ ಅತ್ತೆ' ಅಂತ ಮೊದಲ ಸಲ ಬಾಯಿ ಬಿಟ್ಳು. ಅಕ್ಕು ಊಟ ಮಾಡ್ತಿದ್ದವಳು ತಲೆ ಎತ್ತಿ, 'ನಾನು' ಅಂದ್ಳು.

'ನೀ ಎಂತ?'

'ನಾನು... ಓಡಿಸ್ತೆ.'

ಯಶೋದೆ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅದೇ ಓಣಿ, ಅದೇ ವ್ಯಾನು, ಈ ಹುಡುಗಿ. ಆದ್ರೆ ಅಕ್ಕು ತನಗೆ ಇಂತಾದು ಬೇಕು ಅಂತ ಹೇಳಿದ್ದು ಅದೇ ಮೊದಲು. ಬೇಡ ಅನ್ನೂದು ಹ್ಯಾಂಗೆ?

ಹೊನ್ನಾವರದ ಡ್ರೈವಿಂಗ್ ಸ್ಕೂಲಿಗೆ ಸೇರ್ಸಿದ್ವಿ. ಮಾಸ್ತರು ಒಳ್ಳೆಯವ್ರೇ, ಆದ್ರೆ ಬಾಯಿ ಇಂಜಿನ್ನಿಗಿಂತ ಜೋರು. 'ಕನ್ನಡಿ ನೋಡು, ಇಂಡಿಕೇಟರ್ ಹಾಕು, ಕ್ಲಚ್ ಒತ್ತು, ಸೆಕೆಂಡಿಗೆ ಹಾಕು, ಎಡಕ್ಕೆ ತಗ, ಎಡಕ್ಕೆ ಎಡಕ್ಕೆ!' ಅಕ್ಕು ಕನ್ನಡಿ ನೋಡಿ ಮುಗಿಸೂದರೊಳಗೆ ಎಡ ಬಂದಾಗಿರ್ತಿತ್ತು. ಒಂದು ದಿನ ಶರಾವತಿ ಸೇತುವೆ ಮಧ್ಯದಲ್ಲೇ ಕಾರು ನಿಲ್ಲಿಸಿ ಸ್ಟೇರಿಂಗ್ ಹಿಡ್ಕಂಡು ಕೂತ್ಬಿಟ್ಳು. ಹಿಂದೆ ಬಸ್ಸು, ಲಾರಿ ಎಲ್ಲ ಹಾರ್ನ್ ಹೊಡೆದದ್ದೇ ಹೊಡೆದದ್ದು. ಅವತ್ತು ಮಾಸ್ತರು ನಂಗೆ ಫೋನು ಮಾಡಿದ್ರು.

'ಅಜ್ಜಿ, ಹೇಳಿದ್ದು ತಲೆಗೆ ಹೋಗೂದಿಲ್ಲ ಇವಳಿಗೆ. ಡ್ರೈವಿಂಗ್ ಬಿಟ್ಟು ಮದುವೆ ಮಾಡಿ.'

'ನಿನ್ನ ಹೆಂಡ್ತಿ ಹೇಳಿದ್ದು ನಿನ್ನ ತಲೆಗೆ ಹೋಗ್ತದ್ಯಾ ಮಾಸ್ತರೇ? ನಿಂಗೆ ಮದುವೆ ಆಗ್ಲಿಲ್ವಾ?' ಅಂದೆ. ಬಾಯಿ ಏನೋ ಹಂಗೆ ಅಂತು. ಫೋನಿಟ್ಟು ಅತ್ತೆ.

ಆ ಸಂಜೆ ಹಾರ್ನ್ ಕೇಳ್ತು. ಓಣಿ ಬಾಯಿಗೆ ಅಕ್ಕು ಹೋದ್ಳು. ಅವತ್ತು ನಾ ಹಿಂದಿಂದ ಹೋಗಿ ಅವಳ ಹೆಗಲು ಮುಟ್ಟಿದೆ. ಮೈ ಬೆಂಕಿ. ಕಣ್ಣು ನನ್ನ ಮೇಲಿಲ್ಲ. ನನ್ನ ಹಿಂದೆ ಯಾರೋ ನಿಂತವ್ರನ್ನ ನೋಡೂ ಹಂಗೆ ನೋಡ್ತಿದ್ಳು. ನಾ ತಿರುಗಿ ನೋಡ್ಲಿಲ್ಲ. ಇವತ್ತಿಗೂ ಆ ಧೈರ್ಯ ನಂಗಿಲ್ಲ.

ಮಾರನೇ ದಿನ ಅಪ್ಸರಕೊಂಡಕ್ಕೆ ಹೋಗೂ ದಾರಿ ಬದಿಯ ನಮ್ಮ ಮಾಸ್ತಿಯಮ್ಮನ ಗುಡಿಗೆ ಹೋದೆ. ಅವತ್ತು ದರ್ಶನ ಇತ್ತು. ಪಾತ್ರಿ ಮೈಮೇಲೆ ಅಮ್ಮ ಬಂದಿದ್ಳು, ಕೈಯಲ್ಲಿ ಅಡಿಕೆ ಹೂವಿನ ಸಿಂಗಾರ ನಡುಗ್ತಿತ್ತು. ನಾ ಬಾಯಿ ಬಿಡೂಕೆ ಮೊದಲೇ ಅಮ್ಮ ಹೇಳಿದ್ಳು, 'ದಾರಿ ಬಾಯಲ್ಲಿ ಒಂದು ಮಾತು ನಿಂತದೆ. ಅದು ನಡೀಲಿ ಅಂತಿದ್ರೆ ಜಾಗ ಬಿಡು.'

ಯಾರ ಮಾತು, ಯಾವ ಮಾತು, ಎಂತದೂ ಗೊತ್ತಾಗ್ಲಿಲ್ಲ. ಜಾಗ ಬಿಡು ಅಂದದ್ದು ಮಾತ್ರ ಎದೆಗೆ ಚುಚ್ತು. ಅಮ್ಮಂಗೆ ಕೊಡೂಕೆ ನನ್ನ ಹತ್ರ ಎಂತ ಉಂಟು? ಹುಟ್ಟಿಂದ ನಾ ಗಳಿಸಿದ್ದು ಮಾತೊಂದೇ. ಅದೇ ಕೊಡ್ತೆ ಅಂದೆ. ಅಕ್ಕು ಆ ವ್ಯಾನು ಮನೆ ಅಂಗಳದಿಂದ ತಾನೇ ಓಡಿಸ್ಕಂಡು ನನ್ನ ನಿನ್ನ ಗುಡಿಗೆ ಕರ್ಕಂಡು ಬರೂ ತನಕ ನಾ ಬಾಯಿ ಬಿಡೂದಿಲ್ಲ ಅಂತ ಹರಕೆ ಹೊತ್ತೆ. ಎಷ್ಟು ದಿನ ಹಿಡೀತದೆ ಅಂತ ಲೆಕ್ಕ ಹಾಕ್ಲಿಲ್ಲ. ಹಾಕಿದ್ರೆ ಹೊರೂಕೇ ಹೋಗ್ತಿರ್ಲಿಲ್ಲ.

ನೀವೆಲ್ಲ ನನ್ನ ಬಲ್ರಿ. ನಾ ಮೌನ ಅಂದ್ರೆ ಕೇರಿಗೇ ಹಬ್ಬ. ಪಕ್ಕದ ಮನೆಯವ್ರು ಅಮ್ಮಂಗೆ ಹಣ್ಣುಕಾಯಿ ಮಾಡ್ಸಿದ್ರು ಅಂತ ಆ ಮೇಲೆ ತಿಳೀತು. ಮೊದಲ ವಾರ ಹೊಟ್ಟೆಯಲ್ಲಿ ಮಾತು ಹುಳದ ಹಂಗೆ ಹರೀತಿತ್ತು. ಸಾರಿಗೆ ಉಪ್ಪಿಲ್ಲ ಅಂತ ಹೇಳೂಕೂ ಇಲ್ಲ. ಆಗ ಅಕ್ಕು ತನ್ನ ಹಳೇ ಫೋನು ತಂದು ನನ್ನ ಕೈಯಲ್ಲಿಟ್ಳು. ಅವಳು ಹೇಳಿ ಕೊಡ್ಲಿಲ್ಲ. ನನ್ನ ಬೆರಳು ಹಿಡ್ದು ಒಂದು ಅಕ್ಷರ ಒತ್ತಿ ತೋರ್ಸಿದ್ಳು. ಆ ಮೇಲೆ ಸುಮ್ಮನೆ ಕೂತ್ಳು. ನಾ ತಪ್ಪು ಒತ್ತಿದ್ರೂ ಸುಮ್ಮನೆ. ನಾ ಹುಡುಕಿ ಹುಡುಕಿ ಸರಿ ಒತ್ತೂ ತನಕ ಕಾದ್ಳು. ನಾ ಕಳಿಸಿದ ಮೊದಲ ಮೆಸೇಜು ಯಶೋದೆಗೆ, 'ಸಾರು ಸಪ್ಪೆ'. ಅಡುಗೆಮನೆಯಿಂದ ಯಶೋದೆ ನಕ್ಕದ್ದು ಕೇಳ್ತು. ಎಷ್ಟೋ ವರ್ಷದ ಮೇಲೆ ನಕ್ಕದ್ದು.

ಯಶೋದೆ ತಮ್ಮ ಗಣಪ, ಅವನಿಗೆ ಲೈಸೆನ್ಸು ಉಂಟು. ಅವನು ಬಂದು ವ್ಯಾನನ್ನ ಓಣಿಯಿಂದ ಹೊರಗೆ ತೆಗೆದು ಕಡಲ ಬದಿ ಬಯಲಿಗೆ ತಗಂಡು ಹೋಗಿ ಅಕ್ಕು ಕೈಗೆ ಕೊಡೂದು, ಪಕ್ಕದಲ್ಲಿ ಕೂತ್ಕಣೂದು ಅಂತಾತು. ಮೊದಲ ದಿನವೇ ಕೇರಿಗೆ ಕೇರಿಯೇ ಬಂತು ನೋಡೂಕೆ. ನಮ್ಮವ್ರ ದನಿ ಗೊತ್ತಲ್ಲ, ಕಡಲ ಸದ್ದಿನ ಮೇಲೆ ಮಾತಾಡಿ ರೂಢಿ. ಬಯಲ ಅಂಚಲ್ಲಿ ನಿಂತು ಒಬ್ರು 'ಕ್ಲಚ್!' ಅಂದ್ರೆ ಇನ್ನೊಬ್ರು 'ಬ್ರೇಕ್ ಬ್ರೇಕ್!' ಮತ್ತೊಬ್ಬಳು 'ಬಲಕ್ಕೆ ತಗಳೇ ತಂಗೀ!' ಬೋಟು ಎಳೆಯೂವಾಗ ಕೂಗೂ ಹಂಗೆ. ಒಳಗೆ ಗಣಪನೂ ಕೂಗ್ತಿದ್ದ. ಅಕ್ಕು ಮುಖ ಬಿಳಿಚಿ ಹೋತು. ಕೈ ಸ್ಟೇರಿಂಗಿಗೆ ಅಂಟ್ಕಂತು. ವ್ಯಾನು ಮೆಲ್ಲಕೆ ಉರುಳ್ತಾ ಉರುಳ್ತಾ, ಒಣಗೂಕೆ ಹಾಕಿದ ಮೀನಿನ ಬದಿಗೆ ಬಂತು. ಅಲ್ಲಿ ಮೀನು ಮಗ್ಚ್ತಾ ಕೂತವಳು ನಾನು.

ಕೂಗ್ಬೇಕು. ಹರಕೆ. ಕೂಗೂ ಹಂಗಿಲ್ಲ. ಎದ್ದು ನಿಂತೆ. ಬಲಗೈ ತನ್ನಷ್ಟಕ್ಕೆ ಮೇಲೆ ಹೋತು. ಅಂಗೈ ಬಿಡಿಸಿ, ತಲೆ ಮೇಲೆ, ನೆಟ್ಟಗೆ.

ವ್ಯಾನು ನಿಂತು ಬಿಡ್ತು. ಮೊದಲ ಸಾಲಿನ ಬಂಗಡೆ ಮಾತ್ರ ಚಕ್ರದ ಅಡಿ ಹೋತು.

ಅಕ್ಕು ಗಾಜಿನ ಒಳಗಿಂದ ನನ್ನೇ ನೋಡ್ತಿದ್ಳು. ನಾ ಎಡಗೈ ಬದಿಗೆ ಚಾಚ್ದೆ. ಚಕ್ರ ಆ ಬದಿಗೆ ತಿರುಗ್ತು. ಅಂಗೈಯಲ್ಲಿ ನನ್ನ ಎದೆ ಬದಿಗೆ ಕರೆದೆ. ವ್ಯಾನು ಮೆಲ್ಲಕೆ ಬಂತು.

ಗ್ರೂಪಿನಲ್ಲಿ ಪೇಟೆಯವ್ರೂ ಇದ್ದೀರಿ, ಅದ್ಕೆ ಬಿಡಿಸಿ ಹೇಳ್ತೆ. ಹೊಳೆ ಕಡಲಿಗೆ ಸೇರೂ ಜಾಗ ಅಳಿವೆ. ಅಲ್ಲಿ ಮರಳು ದಿನಾ ಜಾಗ ಬದಲು ಮಾಡ್ತದೆ, ಬೋಟು ದಾಟೂದು ಅಪಾಯ. ಇಂಜಿನ್ನು, ತೆರೆ ಸದ್ದಿನಲ್ಲಿ ಮಾತು ಕೇಳೂದಿಲ್ಲ. ಅದ್ಕೆ ಒಬ್ರು ಬೋಟಿನ ಮೂತಿ ಮೇಲೆ ನಿಂತು ನೀರು ನೋಡಿ ಕೈ ಮಾಡೂದು, ಹಿಂದೆ ಬೋಟು ನಡೆಸೂ ತಾಂಡೇಲ ಆ ಕೈ ನೋಡಿ ತಿರುಗ್ಸೂದು. ನಮ್ಮ ಮನೆಯವ್ರು, ಅಕ್ಕು ಅಜ್ಜ, ಇದ್ದ ಕಾಲಕ್ಕೆ ಮೂತಿ ಮೇಲೆ ನಿಲ್ಲೂವವ್ರು. ಕೈ ಚಾಚಿದ್ರೆ ಆ ಬದಿಗೆ. ಅಂಗೈ ಎತ್ತಿದ್ರೆ ನಿಲ್ಸು. ದಡದಿಂದ ಬೋಟಿಗೆ ಮಾಡೂ ಸನ್ನೆಯೂ ಒಂದುಂಟು. ಎರಡೂ ಕೈ ಎದೆಗೆ ತಂದು ಹೊರಗೆ ಎಸೆದು ಬಿಡೂದು. ಅಂದ್ರೆ, ಬಲೆ ಬಿಟ್ಟು ಬಾ. ಒಂದು ಸಲ ಗಾಳಿ ಎದ್ದು, ತುಂಬಿದ ಬಲೆ ಬೋಟನ್ನೇ ಮಗ್ಚೂಕೆ ಹೊರಟಿತ್ತು. ದಡದ ಮೇಲೆ ನಾವು ಹೆಂಗಸರೆಲ್ಲ ಸಾಲಾಗಿ ನಿಂತು ಆ ಸನ್ನೆ ಮಾಡಿದ್ವಿ. ನಮ್ಮವ್ರು ಬಲೆ ಕೊಯ್ದು ಬಿಟ್ರು. ಬಲೆ ಹೋತು, ಅವ್ರು ಬಂದ್ರು. ಅಕ್ಕು ಸಣ್ಣಿರೂವಾಗ ಅಜ್ಜನ ಮಡಿಲಲ್ಲಿ ಕೂತು ಈ ಸನ್ನೆಗಳನ್ನ ಆಟ ಆಡ್ತಿತ್ತು. ಮಾತು ಬರೂಕೆ ಮೊದಲು ಅವಳಿಗೆ ಅದು ಬಂದಿತ್ತು. ನಾವೆಲ್ಲ ಮರ್ತಿದ್ವಿ. ಅಮ್ಮ ಮರೀಲಿಲ್ಲ. ನನ್ನ ಬಾಯಿ ಕಟ್ಟಿ ಕೈ ಬಿಚ್ಚಿದ್ಳು.

ಆ ಮೇಲೆ ದಿನಾ ಬಯಲಲ್ಲಿ ನಾ ಮುಂದೆ ನಿಂತು ಕೈ ಮಾಡೂದು, ಅವಳು ಓಡಿಸೂದು. ಗಣಪ ಬಾಯಿ ತೆಗೆದ್ರೆ ನಾ ಸೀರೆ ಸೆರಗು ಸಿಕ್ಕಿಸಿ ಅವನ ಬದಿಗೆ ಒಂದು ನೋಟ ನೋಡ್ತಿದ್ದೆ, ಅವನು ಮುಚ್ತಿದ್ದ. ಕೇರಿಯವ್ರೂ ಕೂಗೂದು ಬಿಟ್ಟು ಕೈ ಮಾಡೂಕೆ ಶುರು ಮಾಡಿದ್ರು. ದೂರದಿಂದ ನೋಡಿದವ್ರು ಹುಚ್ಚರ ಸಂತೆ ಅನ್ಬೇಕು. ಕ್ಲಚ್ಚು, ಗೇರು ಎಲ್ಲ ಗಣಪ ತಾನು ಮಾಡಿ ತೋರ್ಸೂದು, ಅವಳು ನೋಡಿ ಮಾಡೂದು. ಒಂದು ಸಲ ಕೈಗೆ ಬಂದದ್ದು ಅವಳಿಗೆ ತಪ್ಪೂದೇ ಇಲ್ಲ.

ಲೈಸೆನ್ಸಿನ ಪರೀಕ್ಷೆ ಹೊನ್ನಾವರದಲ್ಲಿ. ಸಾಹೇಬರು ಒಂದೇ ಉಸಿರಿಗೆ ಮೂರು ಮಾತು ಹೇಳಿದ್ರು. ನಾ ದೂರ ಮರದ ಬುಡದಲ್ಲಿ ಸೆರಗು ಕಚ್ಕಂಡು ನಿಂತಿದ್ದೆ. ಅಕ್ಕು ಕಾರು ಚಾಲು ಮಾಡ್ಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ಳು. ಆ ಮೇಲೆ ಹೇಳಿದ್ಳು, 'ಸರ್... ಒಂದೊಂದೇ... ಹೇಳಿ. ಕೈ ಮಾಡಿ... ತೋರ್ಸಿ.' ಗುರ್ತಿಲ್ಲದವ್ರ ಹತ್ರ ಅವಳು ಅಷ್ಟು ಮಾತಾಡಿದ್ದು ನಾ ಕಂಡೇ ಇಲ್ಲ. ಸಾಹೇಬರು ಅವಳ ಮುಖ ನೋಡಿದ್ರು, ಒಂದೊಂದೇ ಹೇಳಿದ್ರು. ಪಾಸಾತು.

ಹರಕೆ ಮುಗೀತು ಅಂತ ಮಾಡಿದ್ರಾ? ನಾನೂ ಹಂಗೇ ಮಾಡಿದ್ದೆ.

ವ್ಯಾನನ್ನ ಓಣಿಯಿಂದ ಹಿಂದೆ ತೆಗೆದು ಹೈವೇಗೆ ಹತ್ಸೂದು ಮಾತ್ರ ಅವಳಿಂದ ಆಗ್ಲಿಲ್ಲ. ದಿನಾ ಬೆಳಿಗ್ಗೆ ಕೂತ್ಕಣೂದು, ಹಿಂದೆ ಬರೂದು, ಗಾಳಿಮರ ಬಂದ ಕೂಡಲೆ ನಿಲ್ಸೂದು. ಇಂಜಿನ್ ಬಂದ್. ಗಣಪ ಇಳಿದು ತಾನೇ ತೆಗೀತಿದ್ದ. ಸಂಜೆ ಅವಳು ಮತ್ತೆ ಮರದ ಬುಡಕ್ಕೆ. ಹಾರ್ನ್ ಅಂತೂ ಮೊದಲಿಗಿಂತ ಹತ್ರ ಕೇಳ್ತಿತ್ತು, ಅಂಗಳದ ಒಳಗೇ ಬಂದ ಹಂಗೆ. ಚೌತಿ ಬಂತು, ಹೋತು. ನನ್ನ ಬಾಯಿ ಹಂಗೇ ಕಟ್ಟಿತ್ತು. ಅಮ್ಮ, ಇನ್ನೆಂತ ಕೊಡ್ಬೇಕು ನಾನು ಅಂತ ಒಳಗೊಳಗೇ ಜಗಳ ಮಾಡಿದೆ.

ಒಂದು ಬೆಳಿಗ್ಗೆ ಗಣಪ ಬರೂದು ತಡ ಆತು. ಅಕ್ಕು ವ್ಯಾನಲ್ಲಿ ಕೂತಿದ್ಳು. ನಾ ರಸ್ತೆ ಅಂಚಿಗೆ ಹೋಗಿ ನಿಂತೆ. ವ್ಯಾನು ಹಿಂದೆ ಬಂತು, ಮರದ ಹತ್ರ ನಿಂತಿತು. ಅವಳು ಬಾಗಿಲು ತೆಗೆದು ಇಳಿದು ಬಂದ್ಳು. ನನ್ನ ಪಕ್ಕದಲ್ಲಿ, ಅದೇ ಬುಡದಲ್ಲಿ ನಿಂತ್ಳು.

'ಅಜ್ಜಿ. ಆ ದಿನ... ನಾನು... ಇಲ್ಲಿ ನಿಂತಿದ್ದೆ.'

ಮೊದಲಿನ ಸೀತಜ್ಜಿ ಆಗಿದ್ರೆ ಇಲ್ಲೇ ಬಾಯಿ ಹಾಕಿ, 'ಹೌದು ಮಗಾ, ಶಾಲೆಗೆ ಹೊರಟಿದ್ದೆ, ನೋಡಿ ಹೆದ್ರಿದ್ದೆ' ಅಂತ ಅವಳ ಮಾತು ನಾನೇ ಮುಗಿಸ್ತಿದ್ದೆ. ಮುಗಿಸೂಕೆ ಬಾಯಿ ಇರ್ಲಿಲ್ಲ. ನಿಂತೆ. ಒಂದು ಬಸ್ಸು ಹೋತು. ಎರಡು ಲಾರಿ ಹೋತು. ಗಾಳಿಮರ ಸುಯ್ಯಂತಿತ್ತು.

'ಅಪ್ಪ ಹೇಳಿದ್ದ. ಗಾಡಿ ಬಂದ್ರೆ... ಹೇಳು ಅಂತ. ಅಪ್ಪ ನನ್ನ... ನನ್ನೇ ನಿಲ್ಸಿದ್ದ. ಲಾರಿ ಬಂತು. ನಂಗೆ ಕಂಡ್ತು. ಮಾತು...' ಅವಳು ಕುತ್ತಿಗೆ ಮುಟ್ಕಂಡಳು. 'ಇಲ್ಲಿ ತನಕ ಬಂತು. ಹೊರಗೆ... ಬರ್ಲಿಲ್ಲ.'

ನಾ ನಾಲಿಗೆ ಕಚ್ಕಂಡೆ. ಬಾಯಲ್ಲಿ ಉಪ್ಪು ರಕ್ತ.

'ದಿನಾ ಸಂಜೆ... ಬಂದು ಹೇಳ್ತೆ. ಹೋಲ್ಡ್. ಹೋಲ್ಡ್. ಈಗ... ಮಾತು ಬರ್ತದೆ. ಅಪ್ಪಂಗೆ... ಕೇಳೂದಿಲ್ಲ.'

ಏಳು ವರ್ಷ ಆ ಮಗು ಒಬ್ಬಳೇ ಹೊತ್ತದ್ದು ಇದು. ನಾವೆಲ್ಲ ಗರ ಅಂದದ್ದು, ದಡ್ಡತನ ಅಂದದ್ದು ಇದು. ಅಮ್ಮ ಹೇಳಿದ ಮಾತು ಇದೇ, ದಾರಿ ಬಾಯಲ್ಲಿ ನಿಂತದ್ದು. ನಿನ್ನ ತಪ್ಪಲ್ಲ ಮಗಾ ಅಂತ ಕೂಗ್ಬೇಕಿತ್ತು. ಹರಕೆ ಮುರೀಲಾ ಅಂತ ಒಂದು ಗಳಿಗೆ ಅನಿಸ್ತು. ಆದ್ರೆ ಅವಳು ನನ್ನ ಬಾಯಿ ನೋಡ್ತಿರ್ಲಿಲ್ಲ. ನನ್ನ ಕೈ ನೋಡ್ತಿದ್ಳು.

ಎರಡೂ ಕೈ ಎದೆಗೆ ತಂದೆ. ಹೊರಗೆ ಎಸೆದೆ. ಮತ್ತೆ ತಂದೆ, ಮತ್ತೆ ಎಸೆದೆ.

ಬಲೆ ಬಿಟ್ಟು ಬಾ.

ಅಕ್ಕು ಅಲ್ಲೇ ಕೂತ್ಕಂಡು ಅತ್ತಳು. ಸದ್ದು ಮಾಡಿ ಅತ್ತಳು, ಓಣಿ ತುಂಬ ಕೇಳೂ ಹಂಗೆ. ಯಶೋದೆ ಓಡಿ ಬಂದ್ಳು. ನಾ ಅಂಗೈ ಎತ್ತಿ ಅವಳನ್ನ ನಿಲ್ಲಿಸ್ದೆ. ಅಳು ಮುಗೀಲಿ.

ಮುಗಿದ ಮೇಲೆ ಅಕ್ಕು ಎದ್ದು ಮುಖ ಒರ್ಸಿಕಂಡು ವ್ಯಾನು ಹತ್ತಿದ್ಳು. ಇಂಜಿನ್ನು ಚಾಲಾತು. ನಾ ರಸ್ತೆ ಅಂಚಲ್ಲಿ, ಅವಳ ಕನ್ನಡಿಗೆ ಕಾಣೂ ಹಂಗೆ ನಿಂತೆ. ಕರೆದೆ. ವ್ಯಾನು ಮೆಲ್ಲಕೆ ಹಿಂದೆ ಬಂತು. ಮರ ಬಂತು. ಮರ ದಾಟ್ತು. ಆಗಲೇ ಭಟ್ಕಳ ಬದಿಯಿಂದ ಲಾರಿ ಬಂತು. ಅಮ್ಮಾ ಅಂದೆ ಮನಸ್ಸಲ್ಲೇ, ಅಂಗೈ ಎತ್ತಿದೆ. ಅದೇ ಗಳಿಗೆಯಲ್ಲಿ ವ್ಯಾನು ನಿಂತಿತು. ಲಾರಿ ಗಾಳಿಗೆ ನನ್ನ ಸೆರಗು ಹಾರ್ತು. ಲಾರಿ ಹೋತು. ರಸ್ತೆ ಖಾಲಿ. ನಾ ಮತ್ತೆ ಕರೆದೆ. ಅವಳು ಬಂದ್ಳು, ತಿರುಗಿಸಿದ್ಳು, ನೆಟ್ಟಗೆ ಮಾಡಿದ್ಳು. ಎಡಗಡೆ ಬಾಗಿಲು ತೆಗೆದು ನನ್ನ ನೋಡಿದ್ಳು.

ನಾ ಹತ್ತಿ ಕೂತು ಗುಡಿ ಬದಿಗೆ ಕೈ ಚಾಚ್ದೆ.

ಮಾಸ್ತಿಯಮ್ಮನ ಎದ್ರು ಅಬ್ಬಲಿ ದಂಡೆ ಇಟ್ಟು ಕೂತೆ. ಇಷ್ಟು ದಿನ ಕೂಡಿಟ್ಟ ಮಾತು ಒಂದು ಬೋಟು ತುಂಬ ಇತ್ತು. ಎಂತೆಂತ ಹೇಳ್ಬೇಕು ಅಂತ ಎಲ್ಲ ಮನಸ್ಸಲ್ಲಿ ಜೋಡಿಸಿದ್ದೆ. ಬಾಯಿ ತೆಗೆದ್ರೆ ಬಂದದ್ದು 'ಅಕ್ಕು' ಅಂತ ಒಂದೇ. ಮತ್ತೆ ಎಂತದೂ ಬರ್ಲಿಲ್ಲ. ಅಕ್ಕು ಕಾದ್ಳು. ನಾ ಹುಡುಕ್ತಿದ್ದೆ, ಅವಳು ಕಾಯ್ತಿದ್ಳು. ಬೇಕಾದ ಮಾತು ಸಿಗದೇ ಇರೂದು ಹ್ಯಾಂಗಿರ್ತದೆ ಅಂತ ಅಮ್ಮ ಅವತ್ತು ನಂಗೂ ತೋರ್ಸಿದ್ಳು. ಕೇರಿಯವ್ರು ಖುಷಿ ಪಡೂದು ಬೇಡ, ಮನೆ ಮುಟ್ಟೂದರೊಳಗೆ ಎಲ್ಲ ವಾಪಸ್ ಬಂತು.

ಈಗ ಅಕ್ಕು ದಿನಾ ಕುಮಟೆಗೆ ಮೀನು ತಗಂಡು ಹೋಗ್ತಳೆ. ಮಾತು ಅವಳಿಗೆ ಈಗ್ಲೂ ತಡವೇ. ಡಾಕ್ಟ್ರಮ್ಮ ಹೇಳಿದ್ದು ಖರೆ, ಅದು ಹೋಗೂದಲ್ಲ. ನಾವು ಕಾಯೂಕೆ ಕಲೀತಿದ್ದೇವೆ. ಮೀನು ತಗಣೂವವ್ರೂ ಕಲ್ತ್ರು. ಓಣಿ ಬಾಯಲ್ಲಿ ಬೆಳಿಗ್ಗೆ ಕೈ ಮಾಡೂಕೆ ಯಶೋದೆ ನಿಲ್ತಳೆ. ಏಳು ವರ್ಷ ಆ ಮರದ ಹತ್ರ ಹೋಗದವಳು.

ಸಂಜೆ ದೀಪ ಹಚ್ಚೂ ಹೊತ್ತಿಗೆ ಹಾರ್ನ್ ಆಗ್ತದೆ. ಎರಡು ಸಣ್ಣದು, ಒಂದು ಉದ್ದದ್ದು. ಅಕ್ಕುಗೆ ಯಾರೂ ಹೇಳಿಕೊಡ್ಲಿಲ್ಲ. ನಾ ಚಾಕ್ಕೆ ನೀರು ಇಡ್ತೆ, ಅವಳು ಬಂದು ಕುಡೀತಳೆ.

ನಿನ್ನೆ ಸಂಜೆ ಅವಳು ಬಂದು, ಕಾಲು ತೊಳ್ದು, ನನ್ನ ಎದ್ರು ಕೂತು ಚಾ ಕುಡೀತಿದ್ಳು. ವ್ಯಾನು ಅಂಗಳದಲ್ಲಿ ನಿಂತಿತ್ತು, ಕೀಲಿ ಕೈ ಮೊಳೆಗೆ ತೂಗ್ತಿತ್ತು. ಆಗ ಓಣಿ ಬಾಯಲ್ಲಿ ಮತ್ತೊಂದು ಸಲ ಆತು. ಎರಡು ಸಣ್ಣದು, ಒಂದು ಉದ್ದದ್ದು. ನಾ ತಲೆ ಎತ್ಲಿಲ್ಲ. ಅಕ್ಕು ಎತ್ತಿದ್ಳು. ಅವಳಿಗೂ ಕೇಳಿತ್ತು. ಇಷ್ಟು ವರ್ಷ ಅವಳಿಗೂ ಕೇಳ್ತಿತ್ತು ಅಂತ ನಂಗೆ ಆಗ ಗೊತ್ತಾತು.

ಅವಳು ಕತ್ತಲೆ ಬದಿಗೆ ನೋಡಿದ್ಳು. ಹೆದರಿಕೆ ಇಲ್ಲ. ಹುಡುಕಾಟ ಇಲ್ಲ. ಮೆಲ್ಲಕೆ, ಸ್ಪಷ್ಟ ಹೇಳಿದ್ಳು.

'ಬರ್ಲಿ ಅಪ್ಪ. ಬರ್ಲಿ.'

ನಾ ಎದ್ದು ಇನ್ನೊಂದು ಲೋಟಕ್ಕೆ ಚಾ ಬಗ್ಗಿಸಿ ಬಾಗಿಲ ಹತ್ರ ಇಟ್ಟೆ. ನಮ್ಮ ಮಾಸ್ತಿಯಮ್ಮ ಕಟ್ಟಬೇಕಾದ್ದು ಕಟ್ಟಿದ್ಳು, ಬಿಡಿಸಬೇಕಾದ್ದು ಬಿಡಿಸಿದ್ಳು. ನಂಬಿದ ಎಲ್ಲರ ಮನೆ ಓಣಿ ಬಾಯಲ್ಲೂ ಅವಳು ನಿಂತಿರ್ಲಿ, ಕೈ ಎತ್ತಿ.